ಹಳೆ ಬೇಸ್ ಗಿಟಾರ್ ಮನೆಗೆ ಬಂತು, ಸದ್ದು ಸರಿ ಇಲ್ಲ: ಎಲ್ಲಿಂದ ಹುಡುಕಬೇಕು?

ನನ್ನ ಬೇಸ್ ಗಿಟಾರ್ 1980ರ ದಶಕದಲ್ಲಿ ಜಪಾನಿನಲ್ಲಿ ತಯಾರಾದದ್ದು. ಬೀದರಿನ ಒಬ್ಬ ಹಿರಿಯರಿಂದ ಕೊಂಡೆ. ಚರ್ಚಿನ ಹಾಡುಗಾರರ ಜೊತೆ ಅವರು ಅದನ್ನು ವರ್ಷಗಟ್ಟಲೆ ನುಡಿಸಿದ್ದರು. ಅವರ ಮನೆಯಲ್ಲಿ ಚೆನ್ನಾಗಿಯೇ ನುಡಿಯಿತು. ಕಲಬುರಗಿಗೆ ತಂದ ಮೂರನೇ ದಿನ ಸದ್ದು ನಿಂತಿತು. ಒಂದು ಅಂಗಡಿಯಲ್ಲಿ ತೋರಿಸಿದೆ. ಪಿಕಪ್ (ತಂತಿಯ ನಡುಕವನ್ನು ಹಿಡಿದು ಕೇಬಲ್‌ಗೆ ಕೊಡುವ ಭಾಗ) ಸುಟ್ಟಿದೆ, ಹೊಸದು ಹಾಕಬೇಕು ಎಂದರು. ಮನಸ್ಸು ಒಪ್ಪಲಿಲ್ಲ. ಗಿಟಾರ್ ಕೊಟ್ಟ ಆ ಹಿರಿಯರಿಗೇ, ಅಂದರೆ ಕಾಕಾಗೆ, ಫೋನ್ ಮಾಡಿದೆ.

"ತಮ್ಮಾ, ಮೊದ್ಲ ವಯರ್ ನೋಡಪಾ. ಆಮ್ಯಾಲ ಜ್ಯಾಕ್ ನೋಡು. ಅದರ ಹೊಟ್ಟಿ ಬಿಚ್ಚೂದು ಕಡೀಕ."

"ಹೂಂ ರೀ ಕಾಕಾ" ಎಂದು ಇಟ್ಟೆ. ಅವರು ಹೇಳಿದ್ದೇ ಸರಿಯಾಯಿತು. ಜ್ಯಾಕ್ (ಗಿಟಾರ್‌ನಲ್ಲಿ ಕೇಬಲ್ ಚುಚ್ಚುವ ಜಾಗ) ಸಡಿಲಾಗಿ, ಒಳಗೇ ತಿರುಗಿ ತಿರುಗಿ, ಒಂದು ವೈರ್ ಕಿತ್ತಿತ್ತು. ಒಂದು ಹನಿ ಸೋಲ್ಡರ್ ಸಾಕಾಯಿತು. ಆ ಪಿಕಪ್ ಇವತ್ತಿಗೂ ಅದೇ ಇದೆ, ಅದೇ ಸದ್ದು ಕೊಡುತ್ತಿದೆ.

ಹಳೆಯ ಬೇಸ್‌ಗೆ ಬೆಲೆ ಬರುವುದು ಅದರ ಮೂಲ ಭಾಗಗಳಿಂದ. ಆ ಸದ್ದು ಇರುವುದೂ ಅವುಗಳಲ್ಲೇ. ತಪ್ಪಾಗಿ ಗುರುತಿಸಿದ ಒಂದು ದೋಷಕ್ಕೆ ಒಳ್ಳೆಯ ಪಿಕಪ್ ಕಸದ ಬುಟ್ಟಿಗೆ ಹೋಗಬಾರದು ಅಲ್ವಾ? ಅದಕ್ಕೇ ಈ ಬರಹ. ಕಾಸು ಬೇಡದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ. ಬಿಚ್ಚುವ ಕೆಲಸ ಕೊನೆಗೆ.

ಕೈಯಲ್ಲಿ ಇರಬೇಕಾದದ್ದು ಸ್ವಲ್ಪವೇ. ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್, ಟ್ಯೂನರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂ ಡ್ರೈವರ್, ಒಂದು ವಿಸಿಟಿಂಗ್ ಕಾರ್ಡ್, ಟಾರ್ಚ್. ಆಲೆನ್ ಕೀ (ಆರು ಮೂಲೆಯ ಬಾಗಿದ ಕೀ) ಮಾತ್ರ ಎರಡು ಸೆಟ್ ಬೇಕು, ಇಂಚಿನದು ಮತ್ತು ಮಿಲಿಮೀಟರಿನದು. ಗಿಟಾರ್‌ನ ಉದ್ದ ಹಿಡಿ, ಅಂದರೆ ನೆಕ್, ಬಾಗದಂತೆ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಅದನ್ನು ತಿರುಗಿಸುವ ಕೀ ಜಪಾನಿನ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ಇರುತ್ತದೆ. ಅಮೆರಿಕದ್ದರಲ್ಲಿ ಇಂಚಿನ ಲೆಕ್ಕ. ಹತ್ತಿರದ ಅಳತೆಯ ಕೀ ತುರುಕಿ ತಿರುಗಿಸಿದರೆ ಒಳಗಿನ ಆರು ಮೂಲೆ ಸವೆದುಹೋಗುತ್ತದೆ. ಆಮೇಲೆ ಅದನ್ನು ಸರಿ ಮಾಡುವುದು ತುಂಬಾ ಕಷ್ಟ.

ತಂತಿ ಮುಟ್ಟಿದರೆ, ಮೈಕ್‌ಗೆ ತುಟಿ ತಾಗಿದರೆ ಜುಮ್ ಎನ್ನುತ್ತದೆ

ಈ ಲಕ್ಷಣ ಕಂಡರೆ ಬೇರೆ ಏನನ್ನೂ ನೋಡಬೇಡಿ. ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಗಿಟಾರ್ ಕೆಳಗಿಟ್ಟು, ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕೀಳಿ.

ಇದು ಗಿಟಾರ್‌ನ ದೋಷ ಅಲ್ಲ. ಬೇಸ್‌ನ ತಂತಿಗಳು ಬ್ರಿಜ್ (ದೇಹದ ಮೇಲೆ ತಂತಿ ಕೂರುವ ಲೋಹದ ಪಟ್ಟಿ) ಮೂಲಕ, ಕೇಬಲ್ ಮೂಲಕ ಆಂಪ್‌ನ, ಅಂದರೆ ಆಂಪ್ಲಿಫೈಯರ್‌ನ, ಅರ್ಥಿಂಗ್‌ಗೆ ಸೇರಿರುತ್ತವೆ. ಮೈಕ್ ಮಿಕ್ಸರ್‌ಗೆ ಸೇರಿರುತ್ತದೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ, ಅಥವಾ ಅದರೊಳಗೆ ಕರೆಂಟ್ ಸೋರುತ್ತಿದ್ದರೆ, ಆ ಕರೆಂಟ್ ನಿಮ್ಮ ಕೈಯಿಂದ ತುಟಿಗೆ ದಾರಿ ಮಾಡಿಕೊಳ್ಳುತ್ತದೆ. ಎದೆ ನಡುವೆ ಇದೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ. ಬೇಸಿಗೆಯಲ್ಲಿ ತಂಪಿಗೆ ಅಂತ ನೀರು ಚಿಮುಕಿಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು ನುಡಿಸಿದರೆ ಅಪಾಯ ಇನ್ನೂ ಹೆಚ್ಚು.

ಪರೀಕ್ಷೆ ಹೀಗೆ. ಆಂಪ್ ಮತ್ತು ಮಿಕ್ಸರ್ ಎರಡನ್ನೂ ಆನ್ ಮಾಡಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜ್‌ಗೆ ಇಡಿ. ಒಂದು ಮೊನೆ ಗಿಟಾರ್ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ. ಮೊನೆಯ ಪ್ಲಾಸ್ಟಿಕ್ ಹಿಡಿ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಸೊನ್ನೆಯ ಹತ್ತಿರ ತೋರಿಸಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲ್ಲೋ ಅರ್ಥಿಂಗ್ ತಪ್ಪಿದೆ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬೋರ್ಡ್ ಬಳಸಬೇಡಿ.

ಮದುವೆ ಮಂಟಪಗಳಲ್ಲಿ ಗುಂಯ್ ಸದ್ದು ನಿಲ್ಲಿಸಲು ಪ್ಲಗ್‌ನ ಮೂರನೇ ಪಿನ್ ಮುರಿದು ಹಾಕುವವರನ್ನು ನೋಡಿದ್ದೇನೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ನಿಮ್ಮನ್ನು ಕಾಯುತ್ತಿದ್ದ ತಂತಿಯೂ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ತಡೆಯಿರಿ. ವಾಲ್ವ್ (ಗಾಜಿನ ಬುರುಡೆಯಂಥ ಟ್ಯೂಬ್) ಇರುವ ಆಂಪ್ ಆಗಿದ್ದರೆ ಅದರ ಹಿಂಬದಿ ಬಿಚ್ಚುವ ಯೋಚನೆಯೂ ಬೇಡ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಸದ್ದೇ ಇಲ್ಲ, ಅಥವಾ ಬಂದು ಬಂದು ಹೋಗುತ್ತದೆ

ಮೊದಲು ಗಿಟಾರ್‌ನ ಎಲ್ಲ ನಾಬ್ ಪೂರ್ತಿ ತೆರೆಯಿರಿ. ಕೇಬಲ್ ಬದಲಿಸಿ. ಆಂಪ್‌ನಲ್ಲಿ ಎರಡು ಇನ್‌ಪುಟ್ ಇದ್ದರೆ ಇನ್ನೊಂದಕ್ಕೆ ಹಾಕಿ.

ಆಮೇಲೆ ಕೇಬಲನ್ನು ಗಿಟಾರ್‌ನಿಂದ ತೆಗೆದು, ಆಂಪ್ ವಾಲ್ಯೂಮ್ ಕಡಿಮೆ ಇಟ್ಟು, ಪಿನ್ನಿನ ತುದಿಯನ್ನು ಬೆರಳಿಂದ ಮುಟ್ಟಿ. ಮೇಲಿನ ಅರ್ಥಿಂಗ್ ಪರೀಕ್ಷೆ ಪಾಸಾಗಿದ್ದರೆ ಮಾತ್ರ ಇದನ್ನು ಮಾಡಿ. ಗುಂಯ್ ಎಂದರೆ ಆಂಪ್ ಮತ್ತು ಕೇಬಲ್ ಎರಡೂ ಸರಿ ಇವೆ, ತೊಂದರೆ ಗಿಟಾರ್‌ನಲ್ಲಿದೆ. ಏನೂ ಬರದಿದ್ದರೆ ಗಿಟಾರ್ ತಂಟೆಗೆ ಹೋಗಲೇಬೇಡಿ.

ಈಗ ಪ್ಲಗ್ ಹಾಕಿ ಮೆಲ್ಲಗೆ ಅಲುಗಾಡಿಸಿ. ಕರಕರ ಎಂದು ಸದ್ದು ಬಂದು ಹೋದರೆ ಅದು ಜ್ಯಾಕ್. ಹಳೆ ಗಿಟಾರ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡದ್ದು ಇದನ್ನೇ. ಹೊರಗಿನ ನಟ್ ಸಡಿಲಾಗಿದ್ದರೆ ಸುಮ್ನೆ ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಒಳಗೆ ಜ್ಯಾಕ್ ತಾನೂ ತಿರುಗುತ್ತದೆ, ವೈರ್ ಕೀಳುತ್ತದೆ. ಪ್ಲೇಟ್ ಬಿಚ್ಚಿ, ಒಳಭಾಗವನ್ನು ಒಂದು ಕೈಯಲ್ಲಿ ಹಿಡಿದು ಬಿಗಿಯಿರಿ. ಅಲ್ಲೇ ಟಾರ್ಚ್ ಬಿಟ್ಟು ನೋಡಿ. ಪಿನ್ನಿನ ತುದಿ ಹಿಡಿಯುವ ಬಾಗಿದ ನಾಲಿಗೆ ಹೊರಗೆ ಸರಿದಿದ್ದರೆ ಒಂದಿಷ್ಟು ಒಳಗೆ ಒತ್ತಿ. ಸೋಲ್ಡರ್ ಬಿಟ್ಟಿದ್ದರೆ ರೇಡಿಯೊ, ಟಿವಿ ರಿಪೇರಿ ಮಾಡುವ ಯಾರಾದರೂ ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ.

ಕೆಲವು ಗಿಟಾರ್‌ಗಳು ಆಕ್ಟಿವ್, ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್‌ನಿಂದ ಈ ಪದ್ಧತಿ ಹರಡಿತು. ಸದ್ದು ಒಡೆದ ಹಾಗೆ, ಉಸಿರು ಕಟ್ಟಿದ ಹಾಗೆ ಕೇಳಿದರೆ ಬ್ಯಾಟರಿ ಮುಗಿದಿದೆ. ಕೇಬಲ್ ಚುಚ್ಚಿಟ್ಟಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ. ನುಡಿಸಿ ಮುಗಿಸಿದ ಮೇಲೆ ಕಿತ್ತುಬಿಡಿ.

ಇಷ್ಟಾದರೂ ಸದ್ದಿಲ್ಲ ಎಂದರೆ ಈಗ ಪಿಕಪ್ ಪರೀಕ್ಷೆ. ಅದಕ್ಕೂ ಹೊಟ್ಟೆ ಬಿಚ್ಚಬೇಕಿಲ್ಲ. ಬ್ಯಾಟರಿ ಇಲ್ಲದ ಗಿಟಾರ್‌ಗೆ ಕೇಬಲ್ ಹಾಕಿ, ನಾಬ್ ಪೂರ್ತಿ ತೆರೆದು, ಕೇಬಲ್‌ನ ಇನ್ನೊಂದು ತುದಿಯನ್ನು ಆಂಪ್‌ಗೆ ಹಾಕದೆ ಹೊರಗಿಡಿ. ಮೀಟರ್ 20 ಕಿಲೋ ಓಮ್ ರೇಂಜ್‌ನಲ್ಲಿರಲಿ. ಒಂದು ಮೊನೆ ಪಿನ್ನಿನ ತುದಿಗೆ, ಇನ್ನೊಂದು ಅದರ ಬುಡಕ್ಕೆ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಮಾದರಿಯ ಪಿಕಪ್ ಸುಮಾರು 10 ಕಿಲೋ ಓಮ್ ತೋರಿಸುತ್ತದೆ. ಅದೇ ಕಂಪನಿಯ, ಎರಡು ಪಿಕಪ್‌ನ ಜ್ಯಾಝ್ ಬೇಸ್ ಮಾದರಿಯಲ್ಲಿ ಒಂದೊಂದು ಪಿಕಪ್ 7ರಿಂದ 8, ಎರಡೂ ತೆರೆದಾಗ ಅದರ ಅರ್ಧ. ಈ ಅಂಕಿ ಬಂದರೆ ಪಿಕಪ್ ಬದುಕಿದೆ, ಯಾರು ಏನೇ ಹೇಳಲಿ. ಸೊನ್ನೆ ಬಂದರೆ ಎಲ್ಲೋ ವೈರ್ ವೈರಿಗೆ ತಾಗಿದೆ. ಎಡಗಡೆ ಬರೀ 1 ನಿಂತರೆ ದಾರಿ ಕಡಿದಿದೆ. ಆಗ ಮಾತ್ರ ಬಿಚ್ಚಿ, ಪಿಕಪ್‌ನಿಂದ ಹೊರಡುವ ಎರಡು ವೈರ್‌ಗಳ ಸೋಲ್ಡರ್ ನೋಡಿ. ಅವೂ ಸರಿ ಇದ್ದರೆ ಒಳಗಿನ ಸುರುಳಿಯೇ ತುಂಡಾಗಿರಬೇಕು.

ಇಲ್ಲಿಗೆ ನಿಲ್ಲಿಸಿ. ನಮ್ಮೂರಲ್ಲಿ ಮೋಟಾರ್ ವೈಂಡಿಂಗ್ ಮಾಡುವವರು ಪಂಪ್‌ಸೆಟ್, ಫ್ಯಾನ್ ಎಲ್ಲ ಸೊಗಸಾಗಿ ಸುತ್ತುತ್ತಾರೆ. ಆದರೆ ಪಿಕಪ್‌ನ ತಾಮ್ರದ ಎಳೆ ಸುಮಾರು 0.06 ಮಿ.ಮೀ. ದಪ್ಪ, ಕೂದಲೆಳೆಯಷ್ಟು. ಅದು ಬೇರೆಯೇ ಕೈಗೆಲಸ. ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನಲ್ಲಿ ಗಿಟಾರ್ ಪಿಕಪ್ ಸುತ್ತುವವರನ್ನೇ ಹುಡುಕಿ ಕಳಿಸಿ.

ನಾಬ್ ತಿರುಗಿಸಿದರೆ ಕರಕರ

ಇದು ನಮ್ಮ ಕಡೆಯ ಧೂಳು. ನಾಬನ್ನು ಇಪ್ಪತ್ತು ಮೂವತ್ತು ಸಲ ಪೂರ್ತಿ ತಿರುಗಿಸಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು, ಪಾಟ್‌ನ (ನಾಬ್ ಕೆಳಗೆ ತಿರುಗುವ ಭಾಗ) ಬದಿಯ ಸಂದಿಯಲ್ಲಿ ಒಂದು ಚಿಮ್ಮು ಹಾಕಿ ಮತ್ತೆ ತಿರುಗಿಸಿ. ಹೊಲಿಗೆ ಮಷೀನಿನ ಎಣ್ಣೆ, ಸೀಮೆಎಣ್ಣೆ ಬೇಡ. ಎಣ್ಣೆ ಮತ್ತೆ ಧೂಳನ್ನೇ ಹಿಡಿದಿಡುತ್ತದೆ.

ಪಾಟ್ ಬದಲಿಸಲೇಬೇಕಾದರೆ ಹಳೆಯದರ ಮೇಲೆ ಬರೆದದ್ದನ್ನು ಓದಿ. ಬ್ಯಾಟರಿ ಇಲ್ಲದ ಬೇಸ್‌ಗಳಲ್ಲಿ ಸಾಮಾನ್ಯವಾಗಿ 250 ಕಿಲೋ ಓಮ್ ಇರುತ್ತದೆ. ಅಂಗಡಿಯಲ್ಲಿ 100 ಕಿಲೋ ಓಮ್‌ನದು ಸಿಕ್ಕಿತು ಎಂದು ಹಾಕಿಸಿದರೆ ಸದ್ದು ಮಂಕಾಗುತ್ತದೆ. ಕಿತ್ತ ಹಳೆಯ ಪಾಟನ್ನು ಎಸೆಯಬೇಡಿ, ಕವರ್‌ನಲ್ಲಿ ಹಾಕಿಡಿ. ಅಮೆರಿಕದ ಹಳೆಯ ಗಿಟಾರ್‌ಗಳಲ್ಲಿ ಅದರ ಬೆನ್ನಿನ ಮೇಲಿನ ಅಂಕಿಯೇ ವಯಸ್ಸಿನ ಸಾಕ್ಷಿ. 1376620 ಎಂದಿದ್ದರೆ, 137 ಎಂಬುದು ಸಿಟಿಎಸ್ ಕಂಪನಿಯ ಗುರುತು, 66 ಎಂದರೆ 1966, 20 ಎಂದರೆ ಆ ವರ್ಷದ 20ನೇ ವಾರ. ಗಿಟಾರ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಪಾಟ್ ಆಮೇಲೆ ಬದಲಿಸಿದ್ದಲ್ಲದಿದ್ದರೆ. ಮಾರುವವರು 1962ರದ್ದು ಎಂದಾಗ ಇದನ್ನು ನೋಡಿ.

ನುಡಿಸದಿದ್ದರೂ ಗುಂಯ್ ಎನ್ನುತ್ತಲೇ ಇರುತ್ತದೆ

ಕಿವಿ ಇಟ್ಟು ಕೇಳಿ. ನಮ್ಮ ಕರೆಂಟ್ 50 ಹರ್ಟ್ಸ್. ಬೇಸ್‌ನ ಇ ತಂತಿಯ (ಅತಿ ದಪ್ಪದ್ದು) 3ನೇ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ನೆಕ್ ಮೇಲಿನ ಅಡ್ಡ ಲೋಹದ ಗೆರೆ) ಬರುವ ಜಿ ಸ್ವರ 49 ಹರ್ಟ್ಸ್. ಆ ಜಿ ನುಡಿಸಿದಾಗ, ಗುಂಯ್ ಸದ್ದು ಅದಕ್ಕಿಂತ ಕೂದಲೆಳೆ ಮೇಲೆ ಅಥವಾ ಅದರ ಮೇಲಿನ ಸ್ಥಾಯಿಯಲ್ಲಿ ಕೂತಂತೆ ಕೇಳಿದರೆ ಅದು ಮನೆಯ ಕರೆಂಟ್‌ನದು. ಚಿಕ್ಕಾಡಿನ ಹಾಗೆ ಜಿರ್ರ್ ಎಂದು ಚೂಪಾಗಿದ್ದರೆ ಇನ್ವರ್ಟರ್, ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇವುಗಳಲ್ಲಿ ಯಾವುದೋ ಒಂದು. ಒಂದೊಂದಾಗಿ ಆರಿಸಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಬರುತ್ತದಾ? ಹಾಗಾದರೆ ಗಿಟಾರ್ ತಪ್ಪಿಲ್ಲ.

ಗಿಟಾರ್ ಹಿಡಿದು ಕೂತಲ್ಲೇ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಕಡಿಮೆಯಾದರೆ ನಿಮ್ಮದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್. ಅದರ ಗುಣವೇ ಅದು. ಎರಡು ಪಿಕಪ್ ಇದ್ದು, ಎರಡರ ನಾಬ್ ಸಮ ಇಟ್ಟಾಗ ಗುಂಯ್ ಅಡಗಿದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ.

ಇನ್ನು ಮುಟ್ಟುವ ಪರೀಕ್ಷೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಸಹಜ. ತಂತಿ ಮುಟ್ಟಿದರೆ ಏನೂ ಆಗದೆ, ಜ್ಯಾಕ್‌ನ ಲೋಹ ಮುಟ್ಟಿದಾಗ ಮಾತ್ರ ಕಡಿಮೆಯಾದರೆ, ಬ್ರಿಜ್ ಅಡಿಯಲ್ಲಿ ಬರುವ ಅರ್ಥ್ ವೈರ್ ಬಿಟ್ಟಿದೆ. ಬ್ರಿಜ್‌ನ ಸ್ಕ್ರೂ ಸಡಿಲಿಸಿ, ವೈರಿನ ಬರಿ ತುದಿಯನ್ನು ಉಜ್ಜಿ, ಲೋಹದ ಕೆಳಗೆ ಒತ್ತಿ ಕೂರಿಸಿದರೆ ಆಯಿತು. ತಂತಿ ಮುಟ್ಟಿದಾಗ ಗುಂಯ್ ಜೋರಾದರೆ ಜ್ಯಾಕ್‌ನಲ್ಲಿ ಎರಡು ವೈರ್ ಅದಲು ಬದಲಾಗಿವೆ. ಹಿಂದೆ ಯಾರೋ ರಿಪೇರಿ ಮಾಡಿದ್ದಾರೆ ಎಂದು ಅದೇ ಹೇಳುತ್ತದೆ.

ಒಂದು ಮಾತು ನಮ್ಮೂರಿನವರಿಗಾಗಿ. ಗುಂಯ್ ಸದ್ದು ಮಳೆಗಾಲದಲ್ಲಿ ಇಲ್ಲದೆ ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿಯಾಗುತ್ತದಾ? ಮನೆಯ ಅರ್ಥಿಂಗ್ ಗುಂಡಿ ನೋಡಿ. ಕಲಬುರಗಿ ಸುತ್ತ ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಯೂ ಒಣಗಿ, ಒಳಗಿನ ಪೈಪ್‌ಗೂ ಮಣ್ಣಿಗೂ ನಡುವೆ ಸಂದಿ ಬೀಳುತ್ತದೆ. ಎರಡು ಬಕೆಟ್ ನೀರು ಹಾಕಿ. ಸಂಜೆಗೆ ಸದ್ದು ಇಳಿದರೆ ನಿಮ್ಮ ಅರ್ಥಿಂಗ್ ಸೊರಗಿದೆ ಎಂದು ತಿಳಿಯಿರಿ. ಅದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿ ಅಳೆಸಿ. ಗಿಟಾರ್‌ಗಿಂತ ಮನೆಯವರಿಗೆ ಅದು ಮುಖ್ಯ.

ತಂತಿ ಫ್ರೆಟ್‌ಗೆ ಬಡಿದು ಜರ್ ಎನ್ನುತ್ತದೆ

ಆಂಪ್‌ನಲ್ಲಿ ಕೇಳುತ್ತದಾ, ಬರೀ ಗಿಟಾರ್ ಹತ್ತಿರ ಕಿವಿ ಇಟ್ಟರೆ ಕೇಳುತ್ತದಾ? ಆಂಪ್‌ನಲ್ಲಿ ಕೇಳದಿದ್ದರೆ ಬಿಟ್ಟುಬಿಡಿ. ಬೇಸ್‌ಗೆ ಅಷ್ಟು ಸಹಜ.

ಕೇಳುತ್ತದೆ ಎಂದರೂ ಟ್ರಸ್ ರಾಡ್‌ಗೆ ಕೈ ಹಾಕುವ ಮುಂಚೆ ಎಲ್ಲಿ ಬಡಿಯುತ್ತದೆ ನೋಡಿ. ಬಿಟ್ಟ ತಂತಿಯಲ್ಲಿ ಮಾತ್ರ ಬಂದು, ಒತ್ತಿದರೆ ಹೋದರೆ, ತಲೆಯ ಬಳಿ ತಂತಿ ಕೂರುವ ಬಿಳಿ ಪಟ್ಟಿಯ ಕಚ್ಚು ಸವೆದಿದೆ. ಒಂದೇ ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಒಂದೇ ತಂತಿಯ ಉದ್ದಕ್ಕೂ ಬಂದರೆ ಬ್ರಿಜ್‌ನಲ್ಲಿ ಆ ತಂತಿಯ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಕುಸಿದಿದೆ. ಅದರ ಎರಡು ಸಣ್ಣ ಸ್ಕ್ರೂ ಸ್ವಲ್ಪ ಏರಿಸಿ. 12ನೇ ಫ್ರೆಟ್‌ನಲ್ಲಿ ತಂತಿ ಎರಡು, ಎರಡೂವರೆ ಮಿ.ಮೀ. ಎತ್ತರ ಇದ್ದರೆ ಆರಾಮ. ಮೊದಲ ಐದು ಫ್ರೆಟ್‌ನಲ್ಲಿ ಎಲ್ಲ ತಂತಿಯೂ ಬಡಿದರೆ ನೆಕ್ ಹೆಚ್ಚು ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ.

ನೆಕ್ ಅಳೆಯುವುದು ಸುಲಭ. ಗಿಟಾರ್ ಶ್ರುತಿಯಲ್ಲಿರಲಿ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ದೇಹಕ್ಕೆ ಸೇರುವ ಜಾಗದಲ್ಲೂ ಒತ್ತಿ ಹಿಡಿಯಿರಿ. ನಡುವೆ, 8ನೇ ಫ್ರೆಟ್ ಹತ್ತಿರ, ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಸುವಷ್ಟು ಸಂದಿ ಬೇಕು, ಸುಮಾರು 0.3 ಮಿ.ಮೀ. ಸಂದಿಯೇ ಇಲ್ಲ ಎಂದರೆ ರಾಡ್ ಸಡಿಲಿಸಬೇಕು, ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ. ಸಂದಿ ಜಾಸ್ತಿ ಎಂದರೆ ಬಿಗಿಯಬೇಕು, ಮುಳ್ಳಿನ ದಿಕ್ಕಿಗೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಬಿಗಿಯುವಾಗ ತಂತಿಯನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ನಾಲ್ಕು ತಂತಿಗಳೂ ಸೇರಿ 70 ಕಿಲೋಗಿಂತ ಹೆಚ್ಚಿನ ಬಲದಲ್ಲಿ ಆ ಮರವನ್ನು ಎಳೆಯುತ್ತಿರುತ್ತವೆ. ಕೀ ತಿರುಗದೆ ಗಟ್ಟಿಯಾಗಿ ನಿಂತರೆ, ಕರ್ ಎಂದರೆ, ಕೈ ತೆಗೆದು ತಿಳಿದವರ ಹತ್ತಿರ ಹೋಗಿ. ಒಳಗೆ ರಾಡ್ ಮುರಿದರೆ ನೆಕ್ ಹೋದ ಹಾಗೆಯೇ.

ಅದಕ್ಕೂ ಮುಂಚೆ ಗಿಟಾರ್ ಎಲ್ಲಿ ಇಟ್ಟಿದ್ದೀರಿ ನೋಡಿ. ಇಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಮರ ಕುಗ್ಗುತ್ತದೆ, ನೆಕ್ ನೇರವಾಗುತ್ತದೆ, ಅಂಚಿಗೆ ಕೈ ಸವರಿದರೆ ಫ್ರೆಟ್ ತುದಿಗಳು ಗರಗಸದ ಹಾಗೆ ಚುಚ್ಚುತ್ತವೆ. ರಾತ್ರಿ ಕೂಲರ್ ಹಾಕುತ್ತೇವೆ. ಅದರ ಎದುರು ಗಿಟಾರ್ ನಿಲ್ಲಿಸಿದರೆ ತೇವದ ಗಾಳಿ ನೇರ ಅದರ ಮೇಲೆ. ಮರ ಮತ್ತೆ ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಹಗಲು ಒಂದು ಆಕಾರ, ರಾತ್ರಿ ಇನ್ನೊಂದು. ಇಂಥ ನೆಕ್‌ಗೆ ದಿನಾ ಕೀ ಹಾಕುತ್ತಾ ಕೂತರೆ ಮುಗಿಯುವುದಿಲ್ಲ. ಕೂಲರ್‌ನಿಂದ ದೂರ, ಒಳಗೋಡೆಯ ಹತ್ತಿರ, ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟು ಆಮೇಲೆ ಅಳೆಯಿರಿ. ಸೋಲಾಪುರದಿಂದಲೋ ಹೈದರಾಬಾದಿನಿಂದಲೋ ಬಸ್ಸಿನ ಡಿಕ್ಕಿಯಲ್ಲಿ ತಂದರೂ ಅಷ್ಟೇ. ಮನೆಗೆ ಬಂದ ಕೂಡಲೇ ಹೊರಗೆ ತೆಗೆಯಬೇಡಿ, ಪೆಟ್ಟಿಗೆಯಲ್ಲೇ ಒಂದಷ್ಟು ಗಂಟೆ ತಣಿಯಲಿ.

ಶ್ರುತಿ ನಿಲ್ಲುವುದಿಲ್ಲ

ಮೊಬೈಲ್ ಟ್ಯೂನರ್ ಇ ತಂತಿಗೆ ಕುಣಿದಾಡಿದರೆ ಅದು ತಂತಿಯ ತಪ್ಪಲ್ಲ. ಬಿಟ್ಟ ಇ ತಂತಿ 41 ಹರ್ಟ್ಸ್, ಮೊಬೈಲ್ ಮೈಕ್‌ಗೆ ಅದು ಸರಿಯಾಗಿ ಕೇಳುವುದಿಲ್ಲ. 12ನೇ ಫ್ರೆಟ್ ಮೇಲೆ ಬೆರಳನ್ನು ಮೆಲ್ಲಗೆ ತಾಗಿಸಿ ಹಾರ್ಮೋನಿಕ್ ನುಡಿಸಿ, 82 ಹರ್ಟ್ಸ್ ಬರುತ್ತದೆ, ಅದನ್ನು ಟ್ಯೂನರ್ ಹಿಡಿಯುತ್ತದೆ.

ನಿಜವಾಗಿಯೂ ಜಾರುತ್ತಿದ್ದರೆ ತಲೆಯ ಕೀಲಿಗಳ ಸ್ಕ್ರೂ ನೋಡಿ. ತೂತು ಸವೆದು ಸ್ಕ್ರೂ ಹಿಡಿಯದಿದ್ದರೆ ಮದ್ದಿಲ್ಲದ ಬೆಂಕಿಕಡ್ಡಿಯ ಚೂರಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿ. ತಿರುಗಿಸುವಾಗ ಟಿಣ್ ಎಂದು ಹಾರಿದರೆ ತಂತಿ ಬಿಳಿ ಪಟ್ಟಿಯ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ. ಪೆನ್ಸಿಲ್ ಸೀಸ ಉಜ್ಜಿ.

ಬಿಟ್ಟ ತಂತಿ ಸರಿ, ಮೇಲೆ ಹೋದಂತೆ ಅಪಸ್ವರ ಎಂದರೆ ಸ್ಯಾಡಲ್ ಜಾಗ ತಪ್ಪಿದೆ. 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ. ಕೆಳಗಿದ್ದರೆ ಮುಂದಕ್ಕೆ. ತಂತಿ ಹಳೆಯದಾಗಿದ್ದರೆ ಈ ಅಳತೆ ಎಂದಿಗೂ ಕೂರುವುದಿಲ್ಲ, ಮೊದಲು ಹೊಸ ತಂತಿ ಹಾಕಿ. ಬೇಸ್ ತಂತಿ ದುಬಾರಿ, ಗೊತ್ತು. ಸದ್ದು ಮಂಕಾದ ತಂತಿಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ ಚೆನ್ನಾಗಿ ಒಣಗಿಸಿದರೆ ಸ್ವಲ್ಪ ದಿನ ಹೊಳಪು ಮರಳುತ್ತದೆ. ಶ್ರುತಿಗೆ ಮಾತ್ರ ಅದು ಔಷಧ ಅಲ್ಲ. ಹಳೆ ತಂತಿ ಕತ್ತರಿಸುವಾಗ ಮೊದಲು ಪೂರ್ತಿ ಸಡಿಲಿಸಿ. ಬಿಗಿ ಇರುವಾಗ ಕತ್ತರಿಸಿದರೆ ತುದಿ ಕಣ್ಣಿಗೆ ಹಾರುತ್ತದೆ.

ಕೊಳ್ಳುವ ಮುಂಚೆಯೇ ಇವು ಕಂಡರೆ

ಮೇಲೆ ಹೇಳಿದ ಬಹಳಷ್ಟು ದೋಷಗಳು ಸಣ್ಣವು. ಅವಕ್ಕಾಗಿ ಒಳ್ಳೆಯ ಗಿಟಾರ್ ಬಿಡಬೇಡಿ, ಬೆಲೆ ಇಳಿಸಿ ಕೇಳಿ. ಆದರೆ ಮರದ ದೋಷ ಬೇರೆ. ದೇಹದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ. ಒಂದು ಅಂಚು ಮೇಲೆ, ಒಂದು ಕೆಳಗೆ ಹಗ್ಗದಂತೆ ತಿರುಚಿದ್ದರೆ ಬೇಡ. ತಲೆ ಮುರಿದು ಅಂಟಿಸಿದ ಗೆರೆ ಇದೆಯಾ, ಟ್ರಸ್ ರಾಡ್ ಈಗಾಗಲೇ ಕೊನೆವರೆಗೆ ಬಿಗಿದಿದೆಯಾ ಕೇಳಿ, ನೋಡಿ. ರಾಡ್ ಪೂರ್ತಿ ಬಿಗಿದೂ ನೆಕ್ ಬಾಗಿದ್ದರೆ ನಾನು ಕೊಳ್ಳುವುದಿಲ್ಲ, ಎಷ್ಟೇ ಚೆಂದ ಇರಲಿ.

ಒಂದೇ ಸ್ವರ ಸಾಯುತ್ತದೆ, ಅಥವಾ ಒಂದೇ ಸ್ವರ ಗುಡುಗುತ್ತದೆ

ಗುಡುಗುವುದು ಹೆಚ್ಚಾಗಿ ಕೋಣೆಯ ಗುಣ. 41 ಹರ್ಟ್ಸ್‌ನ ಒಂದು ಅಲೆ 8 ಮೀಟರ್‌ಗಿಂತ ಸ್ವಲ್ಪ ಉದ್ದ. ಎದುರುಬದುರು ಗೋಡೆಗಳ ನಡುವೆ 14 ಅಡಿಯಷ್ಟು ಇದ್ದರೆ ಅರ್ಧ ಅಲೆ ಅಲ್ಲಿ ಸರಿಯಾಗಿ ಕೂರುತ್ತದೆ. ಕಲ್ಲಿನ ನೆಲ, ಬರಿ ಗೋಡೆ ಅದನ್ನು ಹೀರುವುದಿಲ್ಲ. ಆಂಪನ್ನು ಮೂಲೆಯಿಂದ ಎಳೆದು, ಕೆಳಗೆ ಮಡಚಿದ ಕೌದಿ ಹಾಕಿ ನೋಡಿ. ನಿಮ್ಮ ಕುರ್ಚಿಯನ್ನೂ ಸರಿಸಿ. ಅದೇ ಸ್ವರ ಬೇರೆ ಕೋಣೆಯಲ್ಲಿ ಸರಿ ಇದ್ದರೆ ಗಿಟಾರ್ ಸರಿ ಇದೆ.

ಸಾಯುವ ಸ್ವರ ಮಾತ್ರ ಗಿಟಾರ್‌ನದೇ. ಜಿ ತಂತಿಯ 5ರಿಂದ 7ನೇ ಫ್ರೆಟ್‌ಗಳಲ್ಲಿ ಎಲ್ಲೋ ಒಂದು ಕಡೆ ಸ್ವರ ಬೇಗ ಬತ್ತುತ್ತದೆ. ನೆಕ್ ತಾನೂ ಅದೇ ವೇಗದಲ್ಲಿ ನಡುಗಿ ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ಉದ್ದ ನೆಕ್‌ನ ಎಷ್ಟೋ ಬೇಸ್‌ಗಳಲ್ಲಿ, ಹೆಸರಾಂತ ಬೆಲೆಬಾಳುವವುಗಳಲ್ಲೂ, ಇದು ಇದೆ. ತಲೆಗೆ ಒಂದು ಸಣ್ಣ ಕ್ಲ್ಯಾಂಪ್ ಕಚ್ಚಿಸಿದರೆ ತೂಕ ಬದಲಾಗಿ ಸತ್ತ ಜಾಗ ಅತ್ತ ಇತ್ತ ಸರಿಯುತ್ತದೆ. ನನ್ನದರಲ್ಲಿ ಅದು 5ನೇ ಫ್ರೆಟ್‌ನ ಸಿ. ಕಾಕಾಗೆ ಕೇಳಿದೆ, ಅಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂತ. "ಡಿ ತಂತ್ಯಾಗ ಹತ್ತನೇ ಫ್ರೆಟ್ ಹಿಡೀತಿದ್ನಪಾ" ಎಂದರು. ಅದೇ ಸಿ, ಅಲ್ಲಿ ದುಂಡಗೆ, ತುಂಬಾ ಹೊತ್ತು ನಿಲ್ಲುತ್ತದೆ. ಈಗ ನಾನೂ ಅಲ್ಲೇ ಹಿಡಿಯುತ್ತೇನೆ.